ಜಗದ ನೀರಿನ ಜಮಾಖರ್ಚು

ತೋಟದ ಬಾವಿ ಬತ್ತಿದಾಗಲೆಲ್ಲ ಮಳೆಯನ್ನೇ ದೂರುವುದು ನನ್ನ ಬಹುಕಾಲದ ಅಭ್ಯಾಸವಾಗಿತ್ತು. ಜರ್ಮನಿಯ ಕಾಸೆಲ್ ವಿಶ್ವವಿದ್ಯಾಲಯದಲ್ಲಿ 1996ರಿಂದ ರೂಪುಗೊಂಡ 'ವಾಟರ್‌ಗ್ಯಾಪ್' ಎಂಬ ಗಣಕ ಮಾದರಿಯ ವಿಚಾರವನ್ನು ಓದಿದ ಮೇಲೆ ಅದು ಸಡಿಲಿತು. ಭೂಮಿಯ ನೆಲವನ್ನು ಅರ್ಧ ಡಿಗ್ರಿಯ, ಎಂದರೆ ಸಮಭಾಜಕದ ಬಳಿ ಸುಮಾರು 55 ಕಿಲೋಮೀಟರ್ ಅಗಲದ ಚೌಕಗಳಾಗಿ ವಿಂಗಡಿಸಿ, ಪ್ರತಿಯೊಂದರಲ್ಲಿಯೂ ಸುರಿದ ಮಳೆ, ಆವಿಯಾದದ್ದು, ಇಂಗಿದ್ದು, ನದಿಗೆ ಹರಿದದ್ದು ಇವುಗಳ ಜಮಾಖರ್ಚನ್ನು ಅದು ಇಡುತ್ತದೆ. ಹೊಲಕ್ಕೆ, ಮನೆಗೆ, ಕಾರ್ಖಾನೆಗೆ ಮನುಷ್ಯರು ಎತ್ತಿದ ನೀರಿಗೆ ಬೇರೆಯೇ ಲೆಕ್ಕ! ಮುಂಬರುವ ದಶಕಗಳ ತಾಪವನ್ನೂ ಮಳೆಯನ್ನೂ ಹವಾಮಾನ ಮಾದರಿಗಳಿಂದ ಪಡೆದು ಅದೇ ಲೆಕ್ಕವನ್ನು ಮುಂದುವರಿಸುತ್ತಾರೆ. ಒಂದೊಂದು ಮಾದರಿ ಒಂದೊಂದು ಮಳೆಯನ್ನು ಹೇಳುವುದರಿಂದ ಉತ್ತರ ಒಂದೇ ಆಗದು. ಸಂಶೋಧಕರು ಅದನ್ನು ಮರೆಮಾಚದಿರುವುದು ನನಗೆ ಮೆಚ್ಚುಗೆಯಾಯಿತು.

ಅಷ್ಟು ದೊಡ್ಡ ಚೌಕದಲ್ಲಿ ನಮ್ಮ ಬಾವಿ ಕಾಣದು. ಆದರೂ ಅಂದು ಸಂಜೆ, ತೋಟದ ಪಂಪು ದಿನಕ್ಕೆ ಎಷ್ಟು ತಾಸು ಓಡುವುದೆಂದು ಮಗನನ್ನು ಕೇಳಿದೆ. ಅವನಿಗೂ ತಿಳಿದಿರಲಿಲ್ಲ.