ಏಳು ಮನೆ ತಿರುಗುವ ಬೆಕ್ಕು

ವಾಚಕರು ನಗಬಹುದು. ವಚನಗಳನ್ನೂ ಷಟ್ಪದಿಗಳನ್ನೂ ಕುರಿತು ಬರೆಯತಕ್ಕ ಈ ಪುಟಗಳಲ್ಲಿ ಪತ್ತೇದಾರ ಬೆಕ್ಕುಗಳ ವಿಷಯವನ್ನೆತ್ತುವದು ಉಚಿತವೇ ಎಂದು ಕೇಳಲೂಬಹುದು. ನನ್ನ ಉತ್ತರವಿಷ್ಟೇ: ದೊಡ್ಡ ಗ್ರಂಥಗಳು ಕೈಯಲ್ಲಿ ನಿಲ್ಲದಿದ್ದ ಅನೇಕ ರಾತ್ರಿಗಳಲ್ಲಿ ನನಗೆ ಜೊತೆಯಾದವುಗಳು ಇಂಥ ಪುಸ್ತಕಗಳೇ. ಉಪಕಾರವನ್ನು ಮುಚ್ಚಿಡುವದು ನನಗೆ ಒಗ್ಗದು.

ಈ ಜಾತಿಯ ಕಾದಂಬರಿಗಳು ಇಂಗ್ಲಿಷಿನಲ್ಲಿ ವಿಪುಲವಾಗಿವೆ. ಒಂದು ಸಣ್ಣ ಊರು. ಅಲ್ಲೊಂದು ಅಂಚೆಯ ಮನೆ, ಒಂದು ಪುಸ್ತಕದ ಅಂಗಡಿ, ಒಬ್ಬರ ಅಡಿಗೆಯ ವಾಸನೆಯನ್ನು ಇನ್ನೊಬ್ಬರು ಬಲ್ಲ ನೆರೆಹೊರೆ. ಅಲ್ಲಿ ಒಂದು ಕಳವೋ ಕೊಲೆಯೋ ನಡೆಯುವದು. ಆದರೆ ರಕ್ತವು ನಮ್ಮ ಕಣ್ಣೆದುರಿಗೆ ಚೆಲ್ಲುವದಿಲ್ಲ. ಸರಕಾರದ ಅಧಿಕಾರಿಗಳು ಒಬ್ಬ ನಿರಪರಾಧಿಯ ಬೆನ್ನು ಹತ್ತುವರು. ಆಗ ಒಬ್ಬ ಮುದುಕಿಯೋ ಗ್ರಂಥಪಾಲಕಿಯೋ ತನ್ನ ಬೆಕ್ಕಿನ ಸಹಾಯದಿಂದ ಗಂಟನ್ನು ಬಿಡಿಸುವಳು. ಬೆಕ್ಕು ಮಾಡುವ ಸಹಾಯವಾದರೂ ಎಂಥದು? ಕಪಾಟಿನ ಮೇಲಿಂದ ಒಂದು ಪುಸ್ತಕವನ್ನು ಕೆಡವುವದು, ಮುಚ್ಚಿದ ಬಾಗಿಲ ಮುಂದೆ ಕುಳಿತು ಏಳದಿರುವದು. ಅದಕ್ಕೆ ಅರ್ಥ ಹಚ್ಚುವವರು ಮನುಷ್ಯರೇ.

ಅಮೇರಿಕೆಯ ಲಿಲಿಯನ್ ಜಾಕ್ಸನ್ ಬ್ರೌನ್ ಎಂಬ ಬಾಯಿಯು ಈ ದಾರಿಯನ್ನು ಹಾಕಿದವರಲ್ಲಿ ಮುಖ್ಯಳು. ಆಕೆ ಸಾಕಿದ ಸಯಾಮಿ ಬೆಕ್ಕು ಹತ್ತನೆಯ ಅಂತಸ್ತಿನ ಕಿಟಕಿಯಿಂದ ಬಿದ್ದು ಸತ್ತಿತು. ಯಾರೋ ನೂಕಿದರೆಂದು ಆಕೆಯ ಕಿವಿಗೆ ಬಿದ್ದಿತು. ಆ ಸಂಕಟವನ್ನು ಕಳೆದುಕೊಳ್ಳಲು ಆಕೆ ಒಂದು ಕತೆ ಬರೆದಳು. 1966ರಲ್ಲಿ ಮೊದಲನೆಯ ಕಾದಂಬರಿ ಹೊರಟಿತು. 1968ರ ಹೊತ್ತಿಗೆ ಮೂರಾದವು. ಮುಂದೆ ಹದಿನೆಂಟು ವರ್ಷ ಏನೂ ಇಲ್ಲ. 1986ರಲ್ಲಿ ಮತ್ತೆ ಆರಂಭವಾಗಿ, 2011ರಲ್ಲಿ ಆಕೆ ತೀರಿಕೊಳ್ಳುವದರೊಳಗೆ ಒಟ್ಟು 29 ಪುಸ್ತಕಗಳಾಗಿದ್ದವು. ಸತ್ತ ಬೆಕ್ಕಿನ ಹೆಸರು ಕೋಕೋ. ಕಾದಂಬರಿಯ ಬೆಕ್ಕಿನ ಹೆಸರೂ ಅದೇ. ಲೋಕದಲ್ಲಿ ಪತ್ತೆಯಾಗದ ಒಂದು ಅಪರಾಧದಿಂದ ಎಲ್ಲ ಅಪರಾಧಗಳೂ ಪತ್ತೆಯಾಗುವ ಒಂದು ಲೋಕವು ಹುಟ್ಟಿತೆಂಬುದನ್ನು ತಿಳಿದಂದಿನಿಂದ ನಾನು ಈ ಪುಸ್ತಕಗಳನ್ನು ಬರಿಯ ವಿನೋದವೆಂದು ಎಣಿಸಲಾರೆ. ಜಪಾನದಲ್ಲಿಯೂ ಅಕಾಗಾವಾ ಜಿರೋ ಎಂಬವರು 1978ರಿಂದ ಹೋಮ್ಸ್ ಎಂಬ ಮುಬ್ಬಣ್ಣದ ಬೆಕ್ಕನ್ನು ಪತ್ತೇದಾರಿಕೆಗೆ ಹಚ್ಚಿದ್ದಾರೆ. ಅದರ ಯಜಮಾನನು ಪೋಲೀಸನಾಗಿಯೂ ರಕ್ತವನ್ನು ಕಂಡರೆ ಅಂಜುವವನು!

ನಮ್ಮಲ್ಲಿ ಪತ್ತೇದಾರಿ ಕತೆಗೇನೂ ಬಡತನವಿಲ್ಲ. ನಾಲ್ಕನೆಯ ಇಯತ್ತೆಯವರೆಗೆ ಮಾತ್ರ ಕಲಿತ ಎನ್. ನರಸಿಂಹಯ್ಯನವರು (1925-2011) ಐನೂರಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆದು, ಅವರ ಪತ್ತೇದಾರ ಪುರುಷೋತ್ತಮನ ನೆವದಿಂದ ಎಷ್ಟೋ ಜನರಿಗೆ ಕನ್ನಡ ಓದುವ ಚಟವನ್ನು ಹಚ್ಚಿದರು. ಪಂಡಿತರು ಇದಕ್ಕಾಗಿ ಅವರನ್ನು ಇನ್ನಷ್ಟು ನೆನೆಯಬೇಕಾಗಿದ್ದಿತು. ಆದರೆ ಬೆಕ್ಕಿಗೆ ಮಾತ್ರ ನಮ್ಮವರು ಈ ಪದವಿಯನ್ನು ಕೊಡಲಿಲ್ಲ. ನಮ್ಮ ಹಳೆಯ ಕತೆಗಳಲ್ಲಿ ಬೆಕ್ಕು ಪತ್ತೇದಾರನಲ್ಲ, ಅಪರಾಧಿ. ಮಹಾಭಾರತದ ಉದ್ಯೋಗಪರ್ವದ ಬೆಕ್ಕು ಗಂಗಾತೀರದಲ್ಲಿ ತಪಸ್ವಿಯ ಸೋಗು ಹಾಕಿ, ನಂಬಿ ಬಂದ ಇಲಿಗಳನ್ನು ತಿನ್ನುತ್ತದೆ. ಮಹಾಬಲಿಪುರದ ಹೆಬ್ಬಂಡೆಯಲ್ಲಿ ಮುಂಗಾಲೆತ್ತಿ ತಪಸ್ಸಿಗೆ ನಿಂತ ಬೆಕ್ಕನ್ನು ಕಂಡವರು ಆ ಕಪಟವನ್ನು ಮರೆಯಲಾರರು. ಪಂಚತಂತ್ರದ ದಧಿಕರ್ಣನಂತೂ ನ್ಯಾಯಾಧೀಶನಾಗಿ ಕುಳಿತು ವಾದಿ ಪ್ರತಿವಾದಿಗಳಿಬ್ಬರನ್ನೂ ನುಂಗಿದನು. ಮಂಡ್ಯ ಸೀಮೆಯ ಬೆಕ್ಕಳಲೆಯಲ್ಲಿ ಬೆಕ್ಕನ್ನು ಮಂಗಮ್ಮ ದೇವಿಯೆಂದು ಪೂಜಿಸುವರೆಂಬುದು ನಿಜ. ಆದರೆ ದೇವಿಯನ್ನು ಪತ್ತೇದಾರಿಕೆಗೆ ಕರೆಯಲಾದೀತೇ? ಒಟ್ಟಿನಲ್ಲಿ, ಬೆಕ್ಕು ಕಣ್ಣು ಮುಚ್ಚಿದರೆ ಅದು ಹಾಲಿಗಾಗಿಯೇ ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ.

ಇಷ್ಟಾಗಿಯೂ ಬೆಕ್ಕಿನ ವಿಷಯವಾಗಿ ನಮ್ಮ ಜನರು ಆಡುವ ಒಂದು ಮಾತಿನಲ್ಲಿ ಈ ಕಾದಂಬರಿಗಳ ಬೀಜವೆಲ್ಲ ಅಡಗಿದೆಯೆಂದು ನನಗೆ ತೋರುತ್ತದೆ. ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುವದೆಂದು ಹೇಳುವರಲ್ಲವೇ? ಟಿಕೋಟಾ ಬಬಲೇಶ್ವರಗಳ ಹಳೆಯ ಓಣಿಗಳನ್ನು ಕಂಡವರಿಗೆ ಇದರ ಅರ್ಥವು ಚೆನ್ನಾಗಿ ಆಗುವದು. ಮಣ್ಣಿನ ಮೇಲ್ಮುದ್ದೆಯ ಮಾಳಿಗೆಗಳು ಒಂದಕ್ಕೊಂದು ಹತ್ತಿಕೊಂಡಿರುವವು. ಒಂದು ಮನೆಯ ಬೆಳಕಿಂಡಿಯಿಂದ ಏರಿದ ಬೆಕ್ಕು ನೆಲಕ್ಕೆ ಕಾಲಿಡದೆ ಓಣಿಯ ತುದಿಯ ಮನೆಯಲ್ಲಿ ಇಳಿಯಬಲ್ಲದು. ಹಗೇವಿನಿಂದ ತೆಗೆದ ಜೋಳವಿದ್ದಲ್ಲಿ ಇಲಿಯುಂಟು, ಇಲಿಯಿದ್ದಲ್ಲಿ ಬೆಕ್ಕಿಗೆ ಕೆಲಸವುಂಟು. ಆದುದರಿಂದ ಅದನ್ನು ಯಾರೂ ತಡೆಯುವದಿಲ್ಲ. ಗೌಡರ ಅಡಿಗೆಮನೆಗೂ ಕೂಲಿಯವನ ಗುಡಿಸಲಿಗೂ ಕೇಳದೆ ಹೋಗಿಬರಬಲ್ಲ ಪ್ರಾಣಿ ಊರಲ್ಲಿ ಬೇರೆ ಯಾವದಿದೆ? ಅದಕ್ಕೆ ಜಾತಿಯ ಕಟ್ಟಿಲ್ಲ. ಅದು ನೋಡುವದನ್ನೆಲ್ಲ ನೋಡಿ ಯಾರ ಮುಂದೆಯೂ ಹೇಳದು.

ಮನುಷ್ಯರ ರೀತಿ ಇದಕ್ಕೆ ತೀರ ವಿರುದ್ಧ. ವಿಜಯಪುರದ ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿಯನ್ನು ವಾಚಕರೆಲ್ಲ ಏರಿರಬಹುದು. 120 ಅಡಿಗಿಂತಲೂ ಅಗಲವಾದ ಆ ಗುಮ್ಮಟದೊಳಗೆ ಒಂದು ಬದಿಯ ಗೋಡೆಗೆ ಪಿಸುಗುಟ್ಟಿದುದು ಎದುರಿನ ಬದಿಗೆ ನಿಂತವನ ಕಿವಿಗೆ ಸ್ಪಷ್ಟವಾಗಿ ಬೀಳುವದು. ಕೂಗಿದುದು ಮಾತ್ರ ಏಳೆಂಟು ಸಲ ಮಾರ್ದನಿಗೊಂಡು ಕಲಸಿಹೋಗುವದು. ಸಣ್ಣ ಊರಿನ ಸ್ವಭಾವವೂ ಹೀಗೆಯೇ. ಗುಟ್ಟಾಗಿ ಆಡಿದ ದೂರು ಸಂಜೆಯೊಳಗೆ ಊರಿಗೆಲ್ಲ ತಿಳಿಯುವದು. ದೂರಿಗೆ ಗುರಿಯಾದವನು ಗಟ್ಟಿಯಾಗಿ ಕೂಗಿ ಹೇಳಿಕೊಂಡ ಸತ್ಯವು ಗದ್ದಲವೆನಿಸುವದು.

ನಾನು ಎಂಟೊಂಬತ್ತು ವರ್ಷದವನಿದ್ದಾಗ ಬಬಲೇಶ್ವರದಲ್ಲಿ, ಅವ್ವನ ತವರುಮನೆಯಲ್ಲಿ, ಆಯಿಯ ಬೋರಮಾಳ ಸರವು ಕಾಣೆಯಾಯಿತು. ಮನೆಯಲ್ಲಿ ಕಸಮುಸುರೆಗೆ ಬರುತ್ತಿದ್ದ ಒಬ್ಬ ಹೆಣ್ಣುಮಗಳಿದ್ದಳು. ಆಕೆಯೇ ಕದ್ದಳೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮರುದಿನ ಬರಬೇಡವೆಂದು ಮಾತ್ರ ಹೇಳಿದರು. ಅಷ್ಟು ಸಾಕಾಯಿತು. ಎರಡು ದಿನಗಳಲ್ಲಿ ಇನ್ನುಳಿದ ಮನೆಗಳವರೂ ಹಾಗೆಯೇ ಹೇಳಿದರು. ಆಕೆ ಭಾವಿಗೆ ಬಂದರೆ ಹೆಂಗಸರು ತಮ್ಮ ಕೊಡಗಳನ್ನು ಸರಿಸಿಕೊಳ್ಳುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಹತ್ತು ಹನ್ನೆರಡು ದಿನಗಳಾದ ಮೇಲೆ ನಮ್ಮ ಬೂದುಬಣ್ಣದ ಬೆಕ್ಕು ಅಟ್ಟದ ಮೇಲೆ ವಿಪರೀತವಾಗಿ ಒದರಹತ್ತಿತು. ಅಲ್ಲಿ ಹಳೆಯ ಕೌದಿಗಳ ನಡುವೆ ಅದು ಈದಿತ್ತು. ಮರಿಗಳನ್ನು ಬೇರೆಡೆಗೆ ಒಯ್ಯುವ ಹೊತ್ತು ಬಂದಿತ್ತು. ಎರಡನ್ನು ಒಯ್ದಿತ್ತು, ಮೂರನೆಯದು ಎತ್ತಿದರೂ ಬಾರದು. ಸೋದರಮಾವನು ನಿಚ್ಚಣಿಕೆಯಿಟ್ಟು ಹತ್ತಿ ನೋಡಲು, ಮರಿಯ ಹಿಂಗಾಲಿಗೆ ಬೋರಮಾಳ ಸರವು ಸುತ್ತಿಕೊಂಡಿತ್ತು! ಆಯಿಯು ಜ್ವರದ ಮಂಪರದಲ್ಲಿ ಅದನ್ನು ಬಿಚ್ಚಿ ಕೌದಿಯ ಮಡಿಕೆಯಲ್ಲಿ ಇಟ್ಟಿದ್ದಳು; ಜ್ವರ ಇಳಿದ ಮೇಲೆ ಯಾರೋ ಆ ಕೌದಿಯನ್ನು ಅಟ್ಟಕ್ಕೆ ಹಾಕಿದ್ದರು. ಊರಿನವರೆಲ್ಲ ಬೆಕ್ಕಿನ ಜಾಣತನವನ್ನು ಹೊಗಳಿದರು. ಆ ಬಡಪ್ರಾಣಿಗೆ ಬಂಗಾರದ ಗೊಡವೆಯೇ ಇರಲಿಲ್ಲ. ಅದಕ್ಕೆ ಬೇಕಾದುದು ಅದರ ಮರಿ.

ಸರ ಸಿಕ್ಕಿತೆಂದು ಆ ಹೆಣ್ಣುಮಗಳಿಗೆ ಹೇಳಿಕಳಿಸಿದರು. ಆಕೆ ಬರಲಿಲ್ಲ. ಮುಂದೆ ಆಕೆ ಹೊಲದ ಕೂಲಿಗೆ ಹೋಗುತ್ತಿದ್ದಳು. ನಮ್ಮ ಓಣಿಯಲ್ಲಿ ಕಾಲಿಟ್ಟಿದ್ದನ್ನು ನಾನು ಕಾಣೆ.

ಮೇಲೆ ಹೇಳಿದ ರಾತ್ರಿಗಳು ಅವ್ವನ ಕೊನೆಯ ಕಾಯಿಲೆಯ ರಾತ್ರಿಗಳು. ಟಿಕೋಟೆಯ ನಮ್ಮ ಮನೆಯಲ್ಲಿ ಆಕೆ ಮಗ್ಗುಲು ಹಿಡಿದು ಹದಿನಾಲ್ಕು ತಿಂಗಳು ಮಲಗಿದ್ದಳು, ನಿದ್ರೆ ಬಾರದು. ಪುಣೆಯಲ್ಲಿರುವ ನನ್ನ ಮಗಳು ಈ ಬೆಕ್ಕಿನ ಕಾದಂಬರಿಗಳನ್ನು ತಂದುಕೊಟ್ಟಿದ್ದಳು. ನಾನು ಓದುತ್ತ ಓದುತ್ತ ನಮ್ಮ ಮಾತಿನಲ್ಲಿ ಹೇಳುವೆನು. ಅಮೇರಿಕೆಯ ಊರು ಅಥಣಿಯ ಹಾದಿಯ ಮೇಲಿನ ಊರಾಗುವದು, ಸೇಬಿನ ತೋಟವು ದ್ರಾಕ್ಷಿಯ ಪಡವಾಗುವದು. ಅವ್ವನು ಕೊಲೆಗಾರನು ಯಾರೆಂದು ಒಂದು ಸಲವೂ ಕೇಳಲಿಲ್ಲ. ಆಕೆಯ ಪ್ರಶ್ನೆ ಬೇರೆ: “ಸುಮ್ಮಸುಮ್ಮನ ಹೆಸರ ಹಚ್ಚಿದ್ರಲ್ಲಪಾ, ಆಕಿದು ಏನಾತು?” ಹೆಸರು ಹೋಗಲಾಡಿತೆಂದು ಕೇಳಿದ ಮೇಲೆಯೇ ಆಕೆ ಮಗ್ಗುಲಾಗುವಳು. ಈ ಕಾದಂಬರಿಗಳ ಆಕರ್ಷಣೆಯನ್ನು ಕುರಿತು ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ನೆಟ್ಟಗೆ ಗುರಿಗೆ ಮುಟ್ಟಿಲ್ಲ. ಸಿಕ್ಕವನಿಗೆ ಶಿಕ್ಷೆಯಾಗಲೆಂದು ನಾವು ಇವುಗಳನ್ನು ಓದುವದಿಲ್ಲ. ಅನುಮಾನದ ನೆರಳಿನಲ್ಲಿ ನಿಂತವರು ಬೆಳಕಿಗೆ ಬರಲೆಂದು ಓದುತ್ತೇವೆ.

ಒಂದು ಪುಸ್ತಕದಲ್ಲಿ ಗ್ರಂಥಕರ್ತರು ಕೆಲಸದವಳ ಮೇಲೆ ಅನುಮಾನವನ್ನು ಹುಟ್ಟಿಸಿ, ಕಡೆಗೆ ಆಕೆಯನ್ನು ಮರೆತೇಬಿಟ್ಟಿದ್ದರು. ಅವ್ವನು ಬಿಡಲಿಲ್ಲ. ಆಗ ನಾನು ಪುಸ್ತಕದಲ್ಲಿಲ್ಲದ ಒಂದು ಪ್ರಸಂಗವನ್ನು ಕಟ್ಟಿ ಹೇಳಿದೆನು: ಮನೆಯ ಯಜಮಾನಿಯು ಒಂದು ಸೀರೆ, ಒಂದು ಕುಬಸದ ಕಣ ತೆಗೆದುಕೊಂಡು ತಾನೇ ನಡೆದು ಆಕೆಯ ಗುಡಿಸಲಿಗೆ ಹೋದಳು, ನಾಲ್ಕು ಜನರ ಮುಂದೆ ತಪ್ಪಾಯಿತೆಂದಳು.

“ಆಕಿ ತಗೊಂಡಳೇನು?” ಎಂದು ಅವ್ವ ಕೇಳಿದಳು.

“ಇಲ್ಲವ್ವಾ. ಕಟ್ಟಿ ಮ್ಯಾಲೆ ಕುಂಡ್ರಿಸಿ ನೀರು ಕೊಟ್ಟಳು. ಸೀರಿ ತಗೊಳ್ಳಲಿಲ್ಲ.”

ಅವ್ವ ಬಹಳ ಹೊತ್ತು ಜಂತಿಯನ್ನೇ ನೋಡುತ್ತಿದ್ದಳು. ಆಮೇಲೆ, ದೀಪ ಸಣ್ಣದು ಮಾಡೆಂದಳು.