ಲಾಲ್‌ಬಾಗಿನ ಚಳಿಗಾಲದ ಅತಿಥಿ

ಮಳೆಗಾಲ ಹಿಂದೆ ಸರಿದು ಅಕ್ಟೋಬರ್ ಕಾಲಿಡುತ್ತಿದ್ದಂತೆ ಬೆಂಗಳೂರಿನ ಲಾಲ್‌ಬಾಗಿಗೆ ಒಬ್ಬ ಅಪರೂಪದ ಅತಿಥಿ ಮರಳಿ ಬರುವುದುಂಟು. ಹೆಸರು ನವರಂಗ. ಹೆಚ್ಚುಕಡಿಮೆ ಪಿಕಳಾರದಷ್ಟು ಗಾತ್ರ. ಬೆನ್ನು ಹಸಿರು, ರೆಕ್ಕೆಯಲ್ಲೊಂದು ನೀಲಿ ಹೊಳಪು, ಕಾಡಿಗೆ ತೀಡಿದಂಥ ಕಣ್ಣಪಟ್ಟಿ, ಬಿಳಿ ಕತ್ತು, ಹೊಟ್ಟೆಯ ಕೆಳಗೆ ಕುಂಕುಮದ ಕೆಂಪು. ಇಷ್ಟು ಬಣ್ಣ ಸುರಿದ ಪ್ರಕೃತಿ ಬಾಲದ ವಿಷಯದಲ್ಲಿ ಮಾತ್ರ ಜಿಪುಣತನ ತೋರಿದೆ. 1766ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರಿಟ್ಟ ಲಿನೇಯಸ್ ಇದನ್ನು ಕಾಗೆಗಳ ಗುಂಪಿಗೆ ಸೇರಿಸಿ 'ಮೋಟುಬಾಲದ ಕಾಗೆ' ಎಂದುಬಿಟ್ಟ! ಈಗ ಇಂಗ್ಲಿಷಿನಲ್ಲಿರುವ 'ಪಿಟ್ಟಾ' ಎಂಬ ಹೆಸರು ತೆಲುಗಿನದು. ಅಲ್ಲಿ ಪಿಟ್ಟ ಎಂದರೆ ಹಕ್ಕಿ, ಅಷ್ಟೇ.

ಹಿಮಾಲಯದ ತಪ್ಪಲು, ಮಧ್ಯಭಾರತದ ಕಾಡುಗಳಲ್ಲಿ ಮರಿ ಮಾಡುವ ಈ ಹಕ್ಕಿ ಚಳಿಗಾಲಕ್ಕೆ ದಕ್ಷಿಣ ಭಾರತಕ್ಕೂ ಶ್ರೀಲಂಕೆಗೂ ವಲಸೆ ಬರುತ್ತದೆ. ಪ್ರಯಾಣ ರಾತ್ರಿಯ ಹೊತ್ತು. ದಣಿವಿನಿಂದ, ಊರಿನ ದೀಪಗಳಿಂದ ಕಂಗೆಟ್ಟು ಕೆಲವೊಮ್ಮೆ ಮನೆಯೊಳಗೇ ಬಂದು ಬೀಳುತ್ತದೆ. ಮಕ್ಕಳೇ, ಅಂಥದ್ದೊಂದು ಸಿಕ್ಕರೆ ಬಾಯಿಗೆ ನೀರು ಸುರಿಯಬೇಡಿ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ, ಸದ್ದಿಲ್ಲದ ಕಡೆ ಇಟ್ಟು, ಚೇತರಿಸಿಕೊಂಡ ಮೇಲೆ ಮರಗಿಡಗಳಿರುವಲ್ಲಿ ಬಿಟ್ಟುಬಿಡಿ.

1760ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟ ಇಂದು 240 ಎಕರೆ. ಸುತ್ತಲಿನ ಊರು ಬೆಳೆದು, 2017ರಲ್ಲಿ ಮೆಟ್ರೊ ರೈಲೂ ಬಾಗಿಲ ಬಳಿ ಬಂದು ನಿಂತಿತು. ಆದರೆ ನವರಂಗಕ್ಕೆ ಬೇಕಾದದ್ದು ಗಾಜಿನಮನೆಯೂ ಅಲ್ಲ, ಹೂವಿನ ಪ್ರದರ್ಶನವೂ ಅಲ್ಲ. ಅದು ನೋಡುವುದು ನೆಲವನ್ನು. ಪೊದೆಯ ನೆರಳಿನಲ್ಲಿ ಕುಪ್ಪಳಿಸುತ್ತ, ತರಗೆಲೆಗಳನ್ನು ಕೊಕ್ಕಿನಿಂದ ಒಂದೊಂದಾಗಿ ಮಗುಚುತ್ತ ಎರೆಹುಳು, ಗೆದ್ದಲು, ಕೀಟಗಳನ್ನು ಹೆಕ್ಕುತ್ತದೆ. ಪಠ್ಯಪುಸ್ತಕದಲ್ಲಿ ಆಹಾರ ಸರಪಳಿ ಎಂದರೆ ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು. ಇಲ್ಲಿ ಒಂದು ತೇವದ ಎಲೆಯ ಅಡಿಯಲ್ಲೇ ಶಿಲೀಂಧ್ರ, ಅದನ್ನು ಮೇಯುವ ಹುಳು, ಹುಳುವನ್ನು ತಿನ್ನುವ ಹಕ್ಕಿ ಮೂರೂ ಇವೆ.

ನಮಗಾದರೋ ಉದ್ಯಾನವೆಂದರೆ ಗುಡಿಸಿ ಒರೆಸಿದ ಅಂಗಳದಂತಿರಬೇಕು! ಎಲೆ ಬಿದ್ದರೆ ಕಸ, ಕಸವಿದ್ದರೆ ದೂರು. ಗುಡಿಸಿ ರಾಶಿ ಹಾಕಿ ಬೆಂಕಿಯಿಟ್ಟರೆ ಹೊಗೆ ಮಕ್ಕಳ ಶ್ವಾಸಕೋಶಕ್ಕೆ, ನಷ್ಟ ಮಣ್ಣಿಗೆ. ನಡೆದಾಡುವ ಹಾದಿ ಚೊಕ್ಕಟವಾಗಿರಲಿ, ಬೇಡವೆಂದವರಾರು? ಪೊದೆಗಳ ಬುಡಕ್ಕೂ ಪೊರಕೆ ಹೋಗಬೇಕೇ? ಬಹುದೂರದಿಂದ ಹಾರಿ ಬಂದ ಅತಿಥಿಯ ಮುಂದಿನ ಎಲೆಯನ್ನು ಊಟಕ್ಕೆ ಮೊದಲೇ ಎತ್ತಿದಂತೆ ಅದು.

ಮುಂಜಾನೆ ಮತ್ತು ಮುಸ್ಸಂಜೆ ಇದು ಎರಡು ಸ್ವರದ ಸಿಳ್ಳೆ ಹಾಕುತ್ತದೆ. ತಮಿಳರು 'ಆರು ಗಂಟೆಯ ಹಕ್ಕಿ' ಎಂದು ಕರೆಯುವುದು ಅದಕ್ಕೇ. ಬೇಸಿಗೆಯಲ್ಲಿ ಉತ್ತರಕ್ಕೆ ಹೊರಡುವವರೆಗೆ, ದಟ್ಟ ಪೊದೆಯಿರುವ, ಪೊರಕೆ ತಾಗದ ಮೂಲೆಗಳಲ್ಲಿ ಅಪ್ಪ ಅಮ್ಮನೊಂದಿಗೆ ಕಿವಿಗೊಟ್ಟು ನಿಲ್ಲಿ. ಸಿಳ್ಳೆ ಕೇಳಿದರೆ ಮರದ ಮೇಲೆ ಹುಡುಕುವ ಮೊದಲು ನೆಲ ನೋಡಿ. ಯಾವ ಎಲೆ ತಾನಾಗಿ ಮಗುಚಿಕೊಂಡಂತೆ ಕಾಣುತ್ತದೋ, ಅದರ ಹಿಂದೆಯೇ ಅದಿರುತ್ತದೆ.