ಮೋತಿಯ ಕಣ್ಣಿನ ಮಂಜು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ನಮ್ಮ ಈ ಬಯಲು ಸೀಮೆಯಲ್ಲಿ ನಾಯಿಯಿಲ್ಲದ ತೋಟದ ಮನೆಯಾಗಲಿ ಕುರಿಹಟ್ಟಿಯಾಗಲಿ ಅಪರೂಪ. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ತರುಬಿದಾಗ ಇರುಳೆಲ್ಲ ಕಾವಲು ಕಾಯುವುದು ನಾಯಿಯೇ. ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಭರತ ಹುಣ್ಣಿಮೆಯ ಜಾತ್ರೆಗೆ ಹೋದವರು, ಗೊರವರು ತಮ್ಮನ್ನು ಮೈಲಾರಲಿಂಗನ ನಾಯಿಗಳೆಂದೇ ಭಾವಿಸಿ, ಬೊಗಳುತ್ತ ದೋಣಿಗೆ ಬಾಯಿ ಹಚ್ಚುವ ಸೇವೆಯನ್ನು ಕಂಡಿರುತ್ತಾರೆ. ನಾಯಿಗೆ ಇಷ್ಟು ಮನ್ನಣೆಯಿರುವ ಸೀಮೆಯಲ್ಲಿ ಹುಟ್ಟಿ ಬೆಳೆದ ನಾವೇ ಒಂದು ಮುದಿನಾಯಿಗೆ ಅನ್ಯಾಯ ಮಾಡಿದೆವು. ಓದುಗರ ಮನೆಗಳಲ್ಲಿ ಆ ತಪ್ಪು ಮರುಕಳಿಸದಿರಲೆಂದು ಅದನ್ನು ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇವೆ.

ಕೊಟ್ಟೂರಿನ ಬಳಿಯ ನಮ್ಮ ತೋಟದ ಮನೆಯಲ್ಲಿ ಮೋತಿ ಎಂಬ ನಾಯಿಯಿತ್ತು. ಅದಕ್ಕೆ ಒಂಬತ್ತು ವರ್ಷ ತುಂಬಿದ ಸಮಯದಲ್ಲಿ ಎರಡೂ ಕಣ್ಣುಗಳ ಕರಿಪಾಪೆಯೊಳಗೆ ನೀಲಿ ಬೆರೆತ ಬೂದಿಬಣ್ಣದ ಮಂಜು ಕಾಣಿಸಿಕೊಂಡಿತು. ಡಾ. ಎಂ. ಸಿ. ಮೋದಿಯವರು ಊರೂರುಗಳಲ್ಲಿ ಶಿಬಿರ ನಡೆಸಿ ಸಾವಿರಾರು ಜನರ ಕಣ್ಣಿನ ಪೊರೆ ತೆಗೆದ ಕಾಲವನ್ನು ಕಂಡವರು ನಮ್ಮ ತಾಯಿ. ಅವರಿಗೆ ಮುಪ್ಪಿನಲ್ಲಿ ಕಣ್ಣು ಬೆಳ್ಳಗಾಯಿತೆಂದರೆ ಅದು ಪೊರೆಯೇ. “ಪೊರಿ ಬಂದೈತಿ, ಇನ್ನ ಅದಕ್ಕ ಕಾಣಂಗಿಲ್ಲಪ್ಪ” ಎಂದು ಅವ್ವ ನಿಟ್ಟುಸಿರುಬಿಟ್ಟಾಗ ನಾವೂ ಹೌದೆಂದು ನಂಬಿದೆವು.

ತೋಟದ ಬಾವಿಗೆ ಕಟ್ಟೆಯಿರಲಿಲ್ಲ. ಕಾಣದ ನಾಯಿ ಬಾವಿಗೆ ಬಿದ್ದೀತೆಂಬ ಭಯದಿಂದ ಮೋತಿಯನ್ನು ದನದ ಕೊಟ್ಟಿಗೆಯ ಕಂಬಕ್ಕೆ ಸರಪಳಿಯಿಂದ ಕಟ್ಟಿದೆವು. ಹುಟ್ಟಿದಾಗಿನಿಂದ ಬಿಚ್ಚಿಬೆಳೆದ ಪ್ರಾಣಿ ಅದು. ಮೊದಲ ವಾರ ಕೂಗಿತು, ಆಮೇಲೆ ಕೂಗುವುದನ್ನು ಬಿಟ್ಟಿತು. ಅನ್ನದ ಮುಂದೆ ಸುಮ್ಮನೆ ಮಲಗಿರುತ್ತಿತ್ತು. ಒಬ್ಬರು ಕಣ್ಣಿಗೆ ಜೇನು ಹಾಕಿರೆಂದರು, ಇನ್ನೊಬ್ಬರು ತಮ್ಮ ಮನೆಯಲ್ಲಿ ಉಳಿದಿದ್ದ ಕಣ್ಣಿನ ಔಷಧಿಯ ಸೀಸೆಯನ್ನೇ ತಂದುಕೊಟ್ಟರು. ಹಳ್ಳದಾಚೆ ಬಿಟ್ಟುಬನ್ನಿ ಎಂದವರೂ ಉಂಟು. ಹೀಗೆ ಎರಡು ತಿಂಗಳು ಕಳೆದವು.

ಎತ್ತುಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಬಂದ ಪಶುವೈದ್ಯರು ಮೋತಿಯನ್ನು ಕಂಡು, ಏಕೆ ಕಟ್ಟಿದ್ದೀರೆಂದು ಕೇಳಿದರು. ಕಾರಣ ಹೇಳಿದೆವು. ಅವರು ಹತ್ತಿಯ ಉಂಡೆಯೊಂದನ್ನು ಅದರ ಮುಖದ ಮುಂದೆ ಮೇಲಿನಿಂದ ಕೆಳಗೆ ಬಿಟ್ಟರು. ಹತ್ತಿಗೆ ಸಪ್ಪಳವಿಲ್ಲ, ಆದರೂ ಮೋತಿಯ ಕಣ್ಣು ಅದರ ಹಿಂದೆಯೇ ಇಳಿಯಿತು. ಬಳಿಕ ಕತ್ತಲ ಕೋಣೆಗೆ ಒಯ್ದು ಟಾರ್ಚು ಹಿಡಿದು ತೋರಿಸಿದರು. ಮಂಜನ್ನು ಹಾಯ್ದು ಒಳಗಿನಿಂದ ಹಸಿರು ಹೊಳಪು ಹಿಂದಿರುಗುತ್ತಿತ್ತು. “ಮೇಷ್ಟ್ರೇ, ಇದಕ್ಕ ಕಣ್ಣು ಕಾಣ್ತೈತಿ. ಮೊದಲು ಸರಪಳಿ ಬಿಚ್ಚಿರಿ” ಎಂದರು.

ಅಂದು ಅವರು ತಿಳಿಸಿದ್ದು ಇಷ್ಟು: ಕಣ್ಣಿನ ಮಸೂರದಲ್ಲಿ ಜೀವಮಾನವಿಡೀ ಹೊಸ ಎಳೆಗಳು ಬೆಳೆಯುತ್ತಲೇ ಇರುತ್ತವೆ. ಹಳೆಯವು ಉದುರಿಹೋಗಲು ದಾರಿಯಿಲ್ಲವಾಗಿ ನಡುವಿಗೆ ಒತ್ತಿ ಗಟ್ಟಿಯಾಗುತ್ತವೆ, ಬೆಳಕು ಅಲ್ಲಿ ಚೆದುರಿ ನೀಲಿಮಂಜಿನಂತೆ ಕಾಣುತ್ತದೆ. ಇದಕ್ಕೆ ವೈದ್ಯರು ನ್ಯೂಕ್ಲಿಯರ್ ಸ್ಕ್ಲೆರೋಸಿಸ್ ಎನ್ನುತ್ತಾರೆ. ಸಾಮಾನ್ಯವಾಗಿ 6–7 ವರ್ಷ ದಾಟಿದ ನಾಯಿಗಳಲ್ಲಿ, ಎರಡೂ ಕಣ್ಣುಗಳಲ್ಲಿ ಸಮನಾಗಿ ಇದು ಬರುತ್ತದೆ. ನೋವಿಲ್ಲ, ಹತ್ತಿರದ ನೋಟ ತುಸು ಮಂದವಾಗಬಹುದೇ ಹೊರತು ಕುರುಡುತನ ಬರುವುದಿಲ್ಲ, ಔಷಧಿಯೂ ಬೇಕಿಲ್ಲ. ಪೊರೆಯೆಂಬುದು ಬೇರೆ. ಅದರಲ್ಲಿ ಮಸೂರವೇ ಬೆಳ್ಳಗಾಗಿ ಬೆಳಕನ್ನು ತಡೆಯುತ್ತದೆ. ವಂಶದಿಂದಲೋ ಪೆಟ್ಟಿನಿಂದಲೋ ಸಕ್ಕರೆ ಕಾಯಿಲೆಯಿಂದಲೋ ಬರುವ ಅದನ್ನು ಮನುಷ್ಯರಂತೆಯೇ ನಾಯಿಗಳಿಗೂ ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು.

ಕಥೆ ಇಲ್ಲಿಗೇ ಮುಗಿದಿದ್ದರೆ ನಮಗೆ ಸಮಾಧಾನವಿರುತ್ತಿತ್ತು. ಅರ್ಧ ತಿಳಿದವರ ಗರ್ವ ದೊಡ್ಡದು. ಮರುವರ್ಷ ಹರಪನಹಳ್ಳಿಯ ಕಡೆಯ ಕುರಿಗಾರರೊಬ್ಬರು ನಮ್ಮ ಹೊಲದಲ್ಲಿ ಕುರಿ ತರುಬಿದ್ದರು. ಅವರ ನಾಯಿಯ ಒಂದು ಕಣ್ಣು ಮಸುಕಾಗಿತ್ತು. ಕೆಂಪಗಾಗಿ ನೀರು ಸುರಿಸುತ್ತ ಅರ್ಧ ಮುಚ್ಚಿಕೊಂಡಿತ್ತು. ಅವರು ಕೇಳಿದಾಗ ನಾವು, “ವಯಸ್ಸಿನ ಮಂಜು, ಚಿಂತೆ ಬೇಡ” ಎಂದು ಧೈರ್ಯ ಹೇಳಿಬಿಟ್ಟೆವು. ನಾಲ್ಕು ದಿನಗಳ ನಂತರ ಪಶು ಆಸ್ಪತ್ರೆಗೆ ಒಯ್ದಾಗ ಅದು ಗ್ಲಾಕೋಮಾ ಎಂದು ತಿಳಿಯಿತು. ಕಣ್ಣಿನೊಳಗಿನ ಒತ್ತಡ ಏರಿ ನೋಟದ ನರವನ್ನೇ ನುಂಗಿತ್ತು. ಆ ಕಣ್ಣು ಮರಳಿ ಬರಲಿಲ್ಲ. ಕುರಿಗಾರರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ; ಅದೇ ನಮಗೆ ಹೆಚ್ಚು ಭಾರವಾಯಿತು. ಕಾಣುವ ನಾಯಿಯನ್ನು ಕುರುಡೆಂದು ಕಟ್ಟಿದ ನಾವು, ಕುರುಡಾಗುತ್ತಿದ್ದ ನಾಯಿಗೆ ಏನೂ ಆಗಿಲ್ಲವೆಂದಿದ್ದೆವು.

ಆದ್ದರಿಂದ ಓದುಗ ಬಂಧುಗಳಲ್ಲಿ ನಮ್ಮ ಅರಿಕೆಯಿಷ್ಟೆ. ಮುದಿನಾಯಿಯ ಕಣ್ಣು ಮಸುಕಾದರೆ ಅದು ಮುಪ್ಪೋ ರೋಗವೋ ಎಂಬ ತೀರ್ಮಾನವನ್ನು ಪಶುವೈದ್ಯರಿಗೆ ಬಿಡಿರಿ. ಕೆಂಪು, ನೀರು, ಪಿಚ್ಚು, ಕಣ್ಣು ಕಿರಿದಾಗುವುದು, ಗುಡ್ಡೆ ಊದುವುದು, ಒಂದೇ ಕಣ್ಣು ಮಸುಕಾಗುವುದು, ಕಣ್ಣ ಮೇಲೆ ಹೂವು ಬೀಳುವುದು: ಇವುಗಳಲ್ಲಿ ಯಾವುದು ಕಂಡರೂ ಅಂದೇ ತಾಲ್ಲೂಕಿನ ಪಶು ಆಸ್ಪತ್ರೆಗೆ ಒಯ್ಯಿರಿ. ಉಣ್ಣೆಗಳಿಂದ ಹರಡುವ ಜ್ವರವೂ ಕಣ್ಣಿನೊಳಗೆ ಉರಿಯೂತ ತರಬಲ್ಲದಾದ್ದರಿಂದ ಮೈಯನ್ನು ಉಣ್ಣೆಯಿಲ್ಲದಂತೆ ಇರಿಸಿರಿ. ಮನೆಯಲ್ಲಿ ಉಳಿದ ಕಣ್ಣಿನ ಔಷಧಿಯನ್ನು ಹಾಕಲೇಬೇಡಿರಿ. ಕರಿಗುಡ್ಡೆಯ ಮೇಲೆ ಹುಣ್ಣಿದ್ದಾಗ ಸ್ಟೀರಾಯ್ಡ್ ಬೆರೆತ ಹನಿ ಬಿದ್ದರೆ ಹುಣ್ಣು ಆಳವಾಗಿ ಕಣ್ಣೇ ಹೋದೀತು.

ನಿಜವಾಗಿ ಕುರುಡಾದ ನಾಯಿಯನ್ನೂ ಕಟ್ಟಿಹಾಕಬೇಕಿಲ್ಲ. ಮೂಗು, ಕಿವಿಗಳಿಂದಲೇ ಅದು ಮನೆಯನ್ನು ಅರಿಯುತ್ತದೆ. ನೀರಿನ ತಾಟು, ಮಲಗುವ ಜಾಗ ಇದ್ದಲ್ಲೇ ಇರಲಿ. ಮುಟ್ಟುವ ಮುನ್ನ ಹೆಸರು ಹಿಡಿದು ಕೂಗಿರಿ. ಬಾವಿಗೆ ಕಟ್ಟೆ ಕಟ್ಟಿಸಿರಿ, ನಾವು ತಡವಾಗಿ ಕಟ್ಟಿಸಿದಂತೆ. ಅದು ಮನೆಯ ಮಕ್ಕಳಿಗೂ ರಕ್ಷಣೆ.

ಸರಪಳಿ ಬಿಚ್ಚಿದ ದಿನ ಮೋತಿ ಕೊಟ್ಟಿಗೆಯಿಂದ ಹೊರಬಂದು ಬಾವಿಯನ್ನು ಬಳಸಿ, ನೇರವಾಗಿ ಅವ್ವನ ಕಾಲಬಳಿ ಹೋಗಿ ಮಲಗಿತು. ಮತ್ತೆ ಮೂರು ವರ್ಷ ಆ ಮಂಜುಗಣ್ಣಿನಿಂದಲೇ ನಮ್ಮ ತೋಟ ಕಾಯಿತು. ಕೊಟ್ಟಿಗೆಯ ಕಂಬದಲ್ಲಿ ಸರಪಳಿ ಉಜ್ಜಿದ ಗುರುತು ಇಂದಿಗೂ ಉಳಿದಿದೆ. ದನ ಕಟ್ಟಲು ಹೋದಾಗಲೆಲ್ಲ ಅದು ನಮ್ಮ ಕಣ್ಣಿಗೆ ಬೀಳುತ್ತದೆ.